ಬಿಪಿ ನೋಡೋರು ಹೆಂಗಸರ ಹತ್ರ ಇನ್ನೂ ಮೂರು ಪ್ರಶ್ನೆ ಕೇಳ್ಬೇಕು

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪುರವಣೀಲಿ ಬಿಪಿ ಬಗ್ಗೆ ಬಂದಿದ್ದ ಅರ್ಧ ಪುಟದ ಲೇಖನ ಓದ್ದೆ. ಉಪ್ಪು ಕಮ್ಮಿ ಮಾಡಿ, ದಿನಾ ನಡೀರಿ, ಸಿಗರೇಟು ಬಿಡಿ, ಮಾತ್ರೆ ಮಧ್ಯದಲ್ಲಿ ನಿಲ್ಲಿಸ್ಬೇಡಿ, ಇದೆಲ್ಲ ಸರಿಯಾಗೇ ಇದೆ, ಇದಕ್ಕೆ ನನ್ನ ತಕರಾರಿಲ್ಲ. ಆದ್ರೆ ಅಷ್ಟುದ್ದದ ಲೇಖನದಲ್ಲಿ ಹೆಂಗಸರ ಪಾಲಿಗೆ ಬಂದಿದ್ದು ಒಂದೇ ಸಾಲು, ಅದೂ ಏನು, ಮುಟ್ಟು ನಿಲ್ಲೋವರೆಗೂ ಅವರಿಗೆ ಈಸ್ಟ್ರೊಜನ್ ಅನ್ನೋ ಹೆಣ್ಣು ಹಾರ್ಮೋನ್ ರಕ್ಷಣೆ ಇರುತ್ತೆ, ಆಮೇಲೆ ಹುಷಾರಾಗಿರ್ಬೇಕು, ಅಷ್ಟೇ. ನಾನು ಮಲೆನಾಡಿನ ಒಂದು ತಾಲ್ಲೂಕು ಊರಲ್ಲಿ ಮೆಡಿಕಲ್ ಶಾಪ್ ನಡೆಸೋಳು, ಬಿ ಫಾರ್ಮ ಓದಿದೀನಿ, ಡಾಕ್ಟರ್ ಅಲ್ಲ. ಆದ್ರೆ ಬಿಪಿ ಮಾತ್ರೆ ತಗೊಳ್ಳೋಕೆ ಬರೋರ ಮುಖ ದಿನಾ ನೋಡ್ತೀನಿ, ಅವರ ಚೀಟಿ ಓದ್ತೀನಿ, ಚೀಟೀಲಿ ಬರೀದೇ ಇರೋ ಕಥೇನ ಕೌಂಟರ್ ಮೇಲೆ ಕೈ ಊರ್ಕೊಂಡು ಅವರೇ ಹೇಳ್ತಾರೆ. ಆ ಒಂದು ಸಾಲನ್ನ ನಂಬ್ಕೊಂಡು ಎಷ್ಟು ಜನ ನಿಶ್ಚಿಂತೆಯಾಗಿ ಕೂತಿದಾರೆ ಅಂತ ನಂಗೆ ಗೊತ್ತು, ಅದಕ್ಕೇ ಸ್ವಲ್ಪ ಉದ್ದ ಆದ್ರೂ ಬರೀತಿದೀನಿ. ಬಸಿರಲ್ಲಿ ಬಿಪಿ ಬಂದಿತ್ತಾ, ಮುಟ್ಟು ಯಾವಾಗ ನಿಂತಿದ್ದು, ಹಾರ್ಮೋನ್ ಮಾತ್ರೆ ನಡೀತಿದ್ಯಾ, ಈ ಮೂರು ಪ್ರಶ್ನೆ ಯಾಕೆ ಕೇಳ್ಬೇಕು ಅನ್ನೋದೇ ನನ್ನ ಮಾತು. ಜಾಗ ಇಲ್ದಿದ್ರೆ ಕತ್ತರಿಸಿ, ತಾಯಿ ಕಾರ್ಡ್ ವಿಷಯ ಬಂದಾಗ ಮಾತ್ರ ಕತ್ತರಿ ದೂರ ಇಡಿ.

ಆ ಸಾಲಲ್ಲಿ ನಿಜಾನೇ ಇಲ್ಲ ಅಂತಲ್ಲ. ಹತ್ತು ಹನ್ನೊಂದು ವರ್ಷದ ಹುಡುಗ ಹುಡುಗಿ ಬಿಪಿ ನೋಡಿದ್ರೆ ಹೆಚ್ಚು ಕಮ್ಮಿ ಒಂದೇ ಇರುತ್ತೆ, ಹುಡುಗನಿಗೆ ಮೀಸೆ ಮೂಡೋ ಹೊತ್ತಿಗೆ ಅವನದು ಮೇಲೆ ಹೋಗೋಕೆ ಶುರು, ಹುಡುಗೀದು ಕೆಳಗೇ ಉಳಿಯುತ್ತೆ. 2019ರಿಂದ 21ರ ನಡುವೆ ಮಾಡಿದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೇಲೂ ದೇಶದಲ್ಲಿ ಹದಿನೈದು ದಾಟಿದ ಗಂಡಸರಲ್ಲಿ 24 ಪರ್ಸೆಂಟ್, ಹೆಂಗಸರಲ್ಲಿ 21 ಪರ್ಸೆಂಟ್ ಜನಕ್ಕೆ ಬಿಪಿ ಜಾಸ್ತಿ ಅಥವಾ ಮಾತ್ರೆ ನಡೀತಿದೆ ಅಂತ ಬಂತು. ನೋಡಿ, ಮೂರೇ ಪರ್ಸೆಂಟ್ ವ್ಯತ್ಯಾಸ, ಇದನ್ನ ರಕ್ಷಣೆ ಅಂತ ಕರೀತೀವಿ. ಗಂಡಸರಿಗಿಂತ ಕಮ್ಮಿ ಅನ್ನೋದು ಬೇರೆ, ಚಿಂತೆ ಇಲ್ಲ ಅನ್ನೋದು ಬೇರೆ, ಅಲ್ವಾ. ಇನ್ನೊಂದು, 2020ರಲ್ಲಿ ಅಮೆರಿಕದ ಒಂದು ಹೃದಯ ಪತ್ರಿಕೇಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನರ ಹಲವು ದಶಕದ ಬಿಪಿ ಲೆಕ್ಕ ಹಾಕಿ ನೋಡಿದ್ದು ಬಂದಿತ್ತು, ಅದರ ಪ್ರಕಾರ ಹೆಂಗಸರು ಕೆಳಗಿಂದ ಶುರು ಮಾಡ್ತಾರೆ ನಿಜ, ಆದ್ರೆ ಏರೋ ವೇಗ ಇಪ್ಪತ್ತರ ಹರೆಯದಿಂದಲೇ ಗಂಡಸರಿಗಿಂತ ಜಾಸ್ತಿ. ಅಂದ್ರೆ ಮುಟ್ಟು ನಿಂತ ದಿನ ಯಾರೋ ಸ್ವಿಚ್ ಹಾಕ್ತಾರೆ ಅನ್ನೋ ಹಾಗೇನಿಲ್ಲ, ಅದಕ್ಕೂ ಇಪ್ಪತ್ತು ಇಪ್ಪತ್ತೈದು ವರ್ಷ ಮುಂಚೆನೇ ಅದು ಹತ್ತೋಕೆ ಶುರು ಮಾಡಿರುತ್ತೆ, ನಾವು ನೋಡಿರಲ್ಲ.

ಇದು ಯಾಕೆ ಹೀಗೆ ಅಂತ ತಿಳೀಬೇಕಂದ್ರೆ ಕಿಡ್ನಿಯಿಂದ ಶುರು ಮಾಡ್ಬೇಕು, ಸ್ವಲ್ಪ ಸಹಿಸ್ಕೊಳಿ. 1898ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಟಿಗರ್‌ಸ್ಟೆಟ್ ಮತ್ತೆ ಅವರ ಶಿಷ್ಯ ಬರ್ಗ್‌ಮನ್ ಅನ್ನೋರು ಮೊಲದ ಕಿಡ್ನಿ ಅರೆದು ಅದರ ರಸಾನ ಇನ್ನೊಂದು ಮೊಲಕ್ಕೆ ಚುಚ್ಚಿದ್ರು, ಬಿಪಿ ಏರ್ತು, ಆ ರಸದಲ್ಲಿರೋ ವಸ್ತುಗೆ ರೆನಿನ್ ಅಂತ ಹೆಸರಿಟ್ರು. ಲಿವರ್ ಮಾಡೋ ಆಂಜಿಯೋಟೆನ್ಸಿನೋಜೆನ್ ಅನ್ನೋ ಪ್ರೊಟೀನನ್ನ ಈ ರೆನಿನ್ ತುಂಡು ಮಾಡುತ್ತೆ, ಆ ತುಂಡನ್ನ ಎಸಿಇ ಅನ್ನೋ ಕಿಣ್ವ ಇನ್ನಷ್ಟು ಕತ್ತರಿಸಿ ಆಂಜಿಯೋಟೆನ್ಸಿನ್ 2 ಮಾಡುತ್ತೆ, ಅದು ರಕ್ತನಾಳ ಬಿಗಿ ಮಾಡುತ್ತೆ, ಜೊತೆಗೆ ಆಲ್ಡೋಸ್ಟೆರೋನ್ ಅನ್ನೋ ಹಾರ್ಮೋನ್ ಬಿಡಿಸಿ ಕಿಡ್ನಿ ಉಪ್ಪು ಹಿಡ್ಕೊಳ್ಳೋ ಹಾಗೆ ಮಾಡುತ್ತೆ. ನಿಮ್ಮ ಮನೇಲಿ ಯಾರಾದ್ರೂ ನುಂಗ್ತಿರೋ ರಾಮಿಪ್ರಿಲ್, ಎನಲಾಪ್ರಿಲ್, ಟೆಲ್ಮಿಸಾರ್ಟನ್, ಲೊಸಾರ್ಟನ್ ಎಲ್ಲ ಈ ಸರಪಳಿಯ ಯಾವ್ದೋ ಒಂದು ಕೊಂಡಿ ಮುರಿಯೋ ಮಾತ್ರೆಗಳು. ಈ ಸರಪಳಿ ಗಂಡಸರಿಗೂ ಅದೇ, ಹೆಂಗಸರಿಗೂ ಅದೇ. ಆದ್ರೆ ಹೆಂಗಸರಲ್ಲಿ ಈಸ್ಟ್ರೊಜನ್ ಇದರ ಪ್ರತಿ ಕೊಂಡಿಗೂ ಕೈ ಹಾಕುತ್ತೆ, ಅದೂ ಒಂದೇ ದಿಕ್ಕಿಗಲ್ಲ. ಲಿವರ್‌ನಲ್ಲಿ ಆಂಜಿಯೋಟೆನ್ಸಿನೋಜೆನ್ ಜಾಸ್ತಿ ಮಾಡುತ್ತೆ, ಅಂದ್ರೆ ಬಿಪಿ ಏರಿಸೋ ಕಚ್ಚಾ ಮಾಲು ಹೆಚ್ಚಿಸುತ್ತೆ. ಅದೇ ಹೊತ್ತಿಗೆ ರೆನಿನ್ ಕಮ್ಮಿ ಮಾಡುತ್ತೆ, ಎಸಿಇ ಕಮ್ಮಿ ಮಾಡುತ್ತೆ, ಆಂಜಿಯೋಟೆನ್ಸಿನ್ ಬಂದು ಕೂತು ಕೆಲಸ ಮಾಡಿಸೋ ಜಾಗ, ಅಂದ್ರೆ ರಿಸೆಪ್ಟರ್, ಕಮ್ಮಿ ಮಾಡುತ್ತೆ, ರಕ್ತನಾಳದ ಒಳಗೋಡೇಲಿ ನೈಟ್ರಿಕ್ ಆಕ್ಸೈಡ್ ಜಾಸ್ತಿ ಹುಟ್ಟೋ ಹಾಗೆ ಮಾಡಿ ನಾಳಾನ ಸಡಿಲ ಬಿಡುತ್ತೆ (ಈ ನೈಟ್ರಿಕ್ ಆಕ್ಸೈಡ್ ಕೆಲಸ ಕಂಡುಹಿಡಿದಿದ್ದಕ್ಕೆ 1998ರಲ್ಲಿ ನೊಬೆಲ್ ಕೊಟ್ರು). ಕೂಡಿ ಕಳೆದು ನೋಡಿದ್ರೆ ಅಂಡಾಶಯದಲ್ಲಿ ತಾನಾಗೇ ಹುಟ್ಟೋ ಈಸ್ಟ್ರೊಜನ್‌ನಿಂದ ಬಿಪಿ ಒಂದಿಷ್ಟು ಕೆಳಗೇ ನಿಲ್ಲುತ್ತೆ.

ಅಂಡಾಶಯದ ಇನ್ನೊಂದು ಹಾರ್ಮೋನ್ ಪ್ರೊಜೆಸ್ಟೆರೋನ್, ಅದರದು ಇನ್ನೊಂದು ತಮಾಷೆ. ಅದು ಹೋಗಿ ಆಲ್ಡೋಸ್ಟೆರೋನ್ ಕೂರ್ಬೇಕಾದ ರಿಸೆಪ್ಟರ್ ಮೇಲೆ ತಾನು ಕೂರುತ್ತೆ, ಬಸ್ಸಲ್ಲಿ ಟವೆಲ್ ಹಾಕಿ ಸೀಟ್ ಹಿಡಿದ ಹಾಗೆ, ಆಲ್ಡೋಸ್ಟೆರೋನ್‌ಗೆ ಜಾಗ ಇಲ್ಲ, ಉಪ್ಪು ಉಚ್ಚೇಲಿ ಹೋಗುತ್ತೆ. ಇದಲ್ದೆ ಎಸಿಇ2, ಎಟಿ2 ರಿಸೆಪ್ಟರ್ ಅಂತ ಬಿಪಿ ಇಳಿಸೋ ಕಡೆ ಕೆಲಸ ಮಾಡೋ ಎರಡು ವಸ್ತುಗಳ ಜೀನ್ ಇರೋದೇ ಎಕ್ಸ್ ಕ್ರೋಮೋಸೋಮ್ ಮೇಲೆ, ಹೆಂಗಸರಿಗೆ ಅದು ಎರಡಿರುತ್ತೆ. ಎಸಿಇ2 ಹೆಸರು ಕೋವಿಡ್ ಟೈಮಲ್ಲಿ ಎಲ್ಲರೂ ಕೇಳಿದ್ರು, ಆಮೇಲೆ ಮರೆತ್ರು.

ಈಗ ಇದೇ ಈಸ್ಟ್ರೊಜನ್‌ನ ಮಾತ್ರೆ ಮಾಡಿ ಬಾಯಿಂದ ನುಂಗಿದ್ರೆ ಲೆಕ್ಕ ತಿರುಗಿಬೀಳುತ್ತೆ, ಇದು ಹೆಚ್ಚಿನವರಿಗೆ ಗೊತ್ತೇ ಇಲ್ಲ. ನುಂಗಿದ ಮಾತ್ರೆ ಕರುಳಿಂದ ಮೊದಲು ಹೋಗೋದೇ ಲಿವರ್‌ಗೆ, ಅಲ್ಲಿ ಆಂಜಿಯೋಟೆನ್ಸಿನೋಜೆನ್ ಜೋರಾಗಿ ಏರುತ್ತೆ. ಅದರಲ್ಲೂ ಗರ್ಭನಿರೋಧಕ ಮಾತ್ರೇಲಿ ಇರೋದು ಎಥಿನೈಲ್ ಎಸ್ಟ್ರಡಯಾಲ್ ಅಂತ ಲ್ಯಾಬಲ್ಲಿ ಮಾಡಿದ್ದು, ಅದನ್ನ ಲಿವರ್ ಬೇಗ ಕರಗಿಸೋಕಾಗಲ್ಲ. ಸರ್ಕಾರಿ ಮಾಲಾ-ಎನ್, ಅಂಗಡೀಲಿ ಸಿಗೋ ಮಾಲಾ-ಡಿ ಎರಡರಲ್ಲೂ ಇದು 0.03 ಮಿಲಿಗ್ರಾಂ ಇರುತ್ತೆ, ಜೊತೆಗೆ ಲೆವೊನೊರ್ಜೆಸ್ಟ್ರೆಲ್ ಅನ್ನೋ ಇನ್ನೊಂದು ಹಾರ್ಮೋನ್. ತಗೊಂಡ ಎಲ್ಲರಿಗೂ ಬಿಪಿ ಬರುತ್ತಾ ಅಂದ್ರೆ ಇಲ್ಲ, ಬಹಳ ಜನಕ್ಕೆ ಎರಡು ಮೂರು ಪಾಯಿಂಟ್ ಏರಿ ಸುಮ್ನಾಗುತ್ತೆ, ಕೆಲವರಿಗೆ ಮಾತ್ರ ನಿಜವಾಗ್ಲೂ 140 ದಾಟುತ್ತೆ, ನಿಲ್ಲಿಸಿದ್ರೆ ಕೆಲವು ತಿಂಗಳಲ್ಲಿ ಹೆಚ್ಚಿನವರಿಗೆ ಇಳಿಯುತ್ತೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ಬಿಪಿ ಇರೋರಿಗೆ ಈ ಜೋಡಿ ಹಾರ್ಮೋನ್ ಮಾತ್ರೆ ಬೇಡ ಅಂತ ಹೇಳೋದು, ಶುರು ಮಾಡೋ ಮುಂಚೆ ಬಿಪಿ ನೋಡಿ ಅಂತ ಹೇಳೋದು. ನಮ್ಮಲ್ಲಿ ನೋಡ್ತಾರಾ? ಗಂಡ ಬಂದು ಚೀಟಿ ಇಲ್ದೆ ಸ್ಟ್ರಿಪ್ ತಗೊಂಡು ಹೋಗ್ತಾನೆ, ಹೆಂಡತಿ ತೋಳಿಗೆ ಯಾರೂ ಪಟ್ಟಿ ಕಟ್ಟಿರಲ್ಲ. ಬಿಪಿ ಇದ್ದೋರಿಗೆ ಬೇರೆ ದಾರಿ ಇಲ್ವಾ ಅಂದ್ರೆ ಇದೆ, ಲಕ್ನೋದ ಸರ್ಕಾರಿ ಸಂಶೋಧನಾ ಸಂಸ್ಥೆ ಕಂಡುಹಿಡಿದ ಛಾಯಾ ಮಾತ್ರೇಲಿ ಈಸ್ಟ್ರೊಜನ್ನೇ ಇಲ್ಲ, ಕಾಪರ್-ಟಿ ಇದೆ, ಇವೆಲ್ಲ ಸರ್ಕಾರಿ ಆಸ್ಪತ್ರೇಲಿ ಫ್ರೀ.

ಮದುವೆ, ಗೃಹಪ್ರವೇಶ, ತಿರುಪತಿ ಟ್ರಿಪ್ ಅಂದ್ರೆ ಮುಟ್ಟು ಮುಂದೂಡೋ ಮಾತ್ರೆ ಕೇಳ್ಕೊಂಡು ಬರೋರು ಸಾಲು ಸಾಲು, ಶ್ರಾವಣದಲ್ಲಂತೂ ಹೇಳೋದೇ ಬೇಡ. ಅದು ನಾರ್‌ಎಥಿಸ್ಟೆರೋನ್, ಚೀಟಿ ಇಲ್ದೆ ಕೊಡೋ ಹಾಗಿಲ್ಲ, ಆದ್ರೂ ಸಿಗುತ್ತೆ ಅಂತ ನಿಮಗೂ ಗೊತ್ತು ನಂಗೂ ಗೊತ್ತು. ಅದರಲ್ಲಿ ಒಂದು ಸಣ್ಣ ಪಾಲು ಮೈಯೊಳಗೆ ಎಥಿನೈಲ್ ಎಸ್ಟ್ರಡಯಾಲ್ ಆಗಿ ಬದಲಾಗುತ್ತೆ. ನಾಲ್ಕು ದಿನಕ್ಕೆ ಏನೂ ಆಗಲ್ಲ ಅನ್ನೋರಿಗೆ ನನ್ನ ಉತ್ತರ ಇಷ್ಟೇ, ಬಿಪಿ ಎಷ್ಟಿದೆ ಅಂತ ಗೊತ್ತಿದ್ದು ತಗೊಳ್ಳಿ. ಬಿಪಿ ಜೊತೆ ಮೈಗ್ರೇನ್ ಇದ್ದು, ಕಾಲಲ್ಲಿ ರಕ್ತ ಹೆಪ್ಪುಗಟ್ಟಿದ ಹಿಸ್ಟರಿ ಇದ್ದು ತಗೊಳ್ಳೋರು ಇದಾರೆ, ಹಬ್ಬ ದೊಡ್ಡದು ಅಂತ.

ಇನ್ನು ಬಸಿರು, ಇಲ್ಲೇ ಅಸಲು ವಿಷಯ ಇರೋದು. ಬಸುರಿ ಮೈಯಲ್ಲಿ ರಕ್ತ ನಲವತ್ತು ಐವತ್ತು ಪರ್ಸೆಂಟ್ ಜಾಸ್ತಿ ಆಗುತ್ತೆ, ರೆನಿನ್ ಏರುತ್ತೆ, ಆಂಜಿಯೋಟೆನ್ಸಿನ್ ಏರುತ್ತೆ, ಆಲ್ಡೋಸ್ಟೆರೋನ್ ಕೆಲವು ಪಟ್ಟು ಏರುತ್ತೆ, ಪುಸ್ತಕದ ಲೆಕ್ಕದಲ್ಲಿ ಬಿಪಿ ಆಕಾಶಕ್ಕೆ ಹೋಗ್ಬೇಕು. ಹೋಗಲ್ಲ, ಐದನೇ ತಿಂಗಳ ಹೊತ್ತಿಗೆ ಇನ್ನೂ ಇಳಿದಿರುತ್ತೆ! ಯಾಕಂದ್ರೆ ರಕ್ತನಾಳಗಳು ಆಂಜಿಯೋಟೆನ್ಸಿನ್ ಮಾತು ಕೇಳೋದನ್ನೇ ಬಿಟ್ಟಿರ್ತಾವೆ, ಪ್ರೊಜೆಸ್ಟೆರೋನ್, ನೈಟ್ರಿಕ್ ಆಕ್ಸೈಡ್ ಎಲ್ಲ ಸೇರಿ ಅವನ್ನ ಸಡಿಲ ಇಟ್ಟಿರ್ತಾವೆ. 1973ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ನಾರ್ಮನ್ ಗ್ಯಾಂಟ್ ಅನ್ನೋ ಡಾಕ್ಟರ್ ತಂಡ ಚೊಚ್ಚಲ ಬಸುರಿಯರಿಗೆ ಆಂಜಿಯೋಟೆನ್ಸಿನ್ ಡ್ರಿಪ್ ಕೊಟ್ಟು ಅಳೆದು ಇದನ್ನ ತೋರಿಸಿದ್ರು, ಮುಂದೆ ಯಾರಿಗೆ ನಂಜು (ಬಸಿರಲ್ಲಿ ಬಿಪಿ ಏರೋ ಕಾಯಿಲೆ) ಬರುತ್ತೋ ಅವರಲ್ಲಿ ಮಾತ್ರ ಈ ಕೇಳದೇ ಇರೋ ಗುಣ ವಾರಗಟ್ಟಲೆ ಮುಂಚೆನೇ ಹೋಗಿರುತ್ತೆ, ಬಿಪಿ ಇನ್ನೂ ನಾರ್ಮಲ್ ಇರುವಾಗ್ಲೇ. (ಇವತ್ತು ಇಂಥ ಪ್ರಯೋಗಕ್ಕೆ ಎಥಿಕ್ಸ್ ಕಮಿಟಿ ಒಪ್ಪುತ್ತಾ ಅನ್ನೋದು ಬೇರೆ ಮಾತು.) ಆಮೇಲೆ 2003ರಲ್ಲಿ ಬಾಸ್ಟನ್‌ನಲ್ಲಿದ್ದ ಭಾರತ ಮೂಲದ ಅನಂತ್ ಕರುಮಂಚಿ ಅವರ ಲ್ಯಾಬ್, ಮಾಸು ಸರಿಯಾಗಿ ಬೇರೂರದೇ ಇದ್ದಾಗ ಅದರಿಂದ ಎಸ್‌ಎಫ್‌ಎಲ್‌ಟಿ-1 ಅನ್ನೋ ಪ್ರೊಟೀನ್ ತಾಯಿ ರಕ್ತಕ್ಕೆ ಜಾಸ್ತಿ ಬಂದು ರಕ್ತನಾಳದ ಒಳಗೋಡೇನ ಹಾಳು ಮಾಡುತ್ತೆ ಅಂತ ತೋರಿಸ್ತು. ಇಪ್ಪತ್ತು ವಾರ ದಾಟಿದ್ಮೇಲೆ ಬಿಪಿ 140/90 ಮುಟ್ಟೋದು, ಉಚ್ಚೇಲಿ ಪ್ರೊಟೀನ್ ಹೋಗೋದು, ಮುಖ ಕೈ ಊದೋದು, ತಲೆನೋವು, ಕಣ್ಣು ಮಂಜು, ಕೊನೆಗೆ ಫಿಟ್ಸ್, ನಮ್ಮ ಕಡೆ ಅಜ್ಜಿಯಂದಿರು ಬಸುರಿ ನಂಜು ಅಂತಿದ್ದಿದ್ದು ಇದೇ.

ಹೆರಿಗೆ ಆಯ್ತು, ಬಿಪಿ ಇಳೀತು, ಮಗು ಚೆನ್ನಾಗಿದೆ, ಎಲ್ಲರೂ ನಿಟ್ಟುಸಿರು ಬಿಟ್ರು. ಕಾಯಿಲೆ ಮುಗೀತು ಅಂತ ಮನೆಯವರೂ ತಿಳ್ಕೊಂಡ್ರು, ಬಹಳ ಕಡೆ ಡಾಕ್ಟರೂ ಹಾಗೇ ಹೇಳಿ ಕಳಿಸ್ತಾರೆ. ಮುಗಿದಿರಲ್ಲ. 2007ರಲ್ಲಿ ಬ್ರಿಟನ್ನಿನ ಮೆಡಿಕಲ್ ಜರ್ನಲಲ್ಲಿ ಹಲವು ದೇಶದ ಅಧ್ಯಯನ ಒಟ್ಟುಗೂಡಿಸಿ ನೋಡಿದ್ದು ಬಂತು, ಬಸಿರಲ್ಲಿ ನಂಜು ಬಂದಿದ್ದ ಹೆಂಗಸರಿಗೆ ಮುಂದೆ ಕಾಯಂ ಬಿಪಿ ಬರೋ ಸಾಧ್ಯತೆ ಬೇರೆಯವರಿಗಿಂತ ಮೂರೂವರೆ ಪಟ್ಟಿಗೂ ಜಾಸ್ತಿ, ಹೃದಯದ ರಕ್ತನಾಳದ ಕಾಯಿಲೆ ಸುಮಾರು ಎರಡು ಪಟ್ಟು. 2011ರಲ್ಲಿ ಅಮೆರಿಕದ ಹೃದ್ರೋಗ ಸಂಘದೋರು ಇದನ್ನ ಹೆಂಗಸರ ಹೃದಯ ಕಾಯಿಲೆ ಅಪಾಯದ ಪಟ್ಟಿಗೇ ಸೇರಿಸಿದ್ರು. ನಮ್ಮಲ್ಲಿ ಏನಾಗ್ತಿದೆ ಹೇಳಿ. ಬಸುರಿಯಾದ ಪ್ರತಿ ಹೆಣ್ಣಿಗೂ ತಾಯಿ ಕಾರ್ಡ್ ಕೊಡ್ತಾರೆ, ಪ್ರತಿ ತಪಾಸಣೇಲಿ ಅದರಲ್ಲಿ ಬಿಪಿ ಬರೀತಾರೆ, ತೂಕ ಬರೀತಾರೆ, ಹಿಮೋಗ್ಲೋಬಿನ್ ಬರೀತಾರೆ. ಒಬ್ಬ ಹಳ್ಳಿ ಹೆಂಗಸಿನ ಜೀವಮಾನದಲ್ಲಿ ಇಷ್ಟು ಚೆನ್ನಾಗಿ ಬಿಪಿ ದಾಖಲಾಗೋದು ಇನ್ಯಾವಾಗ್ಲೂ ಇಲ್ಲ. ಮಗೂಗೆ ಲಸಿಕೆ ಮುಗಿಯೋವರೆಗೂ ಆ ಕಾರ್ಡ್ ಬೀರುಲಿ ಇರುತ್ತೆ, ಆಮೇಲೆ ಎಲ್ಲಿ ಹೋಯ್ತೋ ದೇವರೇ ಬಲ್ಲ. ಹತ್ತು ವರ್ಷ ಆದ್ಮೇಲೆ ಅದೇ ಹೆಂಗಸು ತಲೆ ಸುತ್ತು ಅಂತ ಹೋದಾಗ 150/100 ಬಂದ್ರೆ, ನಿಂಗೆ ಟೆನ್ಷನ್ ಜಾಸ್ತಿ ಕಣಮ್ಮ, ಮನೇಲಿ ಏನಾದ್ರೂ ಜಗಳನಾ ಅಂತ ಕೇಳ್ತಾರೆ. ಬಸಿರಲ್ಲಿ ಬಿಪಿ ಬಂದಿತ್ತಾ ಅಂತ ಕೇಳಿದ್ದು ನಾನಂತೂ ಕಂಡಿದ್ದು ಕಮ್ಮಿ. ನಾನು ಕೌಂಟರಲ್ಲಿ ಕೇಳಿದ್ರೆ "ಹೂಂ ಅಕ್ಕ, ದೊಡ್ಡ ಮಗ ಹುಟ್ಟೋವಾಗ ಬಂದಿತ್ತು, ಎಂಟನೇ ತಿಂಗಳಲ್ಲೇ ಆಪರೇಷನ್ ಮಾಡಿ ತೆಗೆದ್ರು, ಆಮೇಲೆ ಹೋಯ್ತು" ಅಂತ ಆರಾಮಾಗಿ ಹೇಳ್ತಾರೆ.

ಈಗ ಮುಟ್ಟು ನಿಲ್ಲೋ ಕಾಲಕ್ಕೆ ಬರೋಣ. ನಮ್ಮ ದೇಶದಲ್ಲಿ ಅದು ಸರಾಸರಿ 46-47ಕ್ಕೇ ಬರುತ್ತೆ, ಪಾಶ್ಚಾತ್ಯ ದೇಶದಲ್ಲಿ 51ರ ಹತ್ತಿರ. ಆ ನಾಲ್ಕೈದು ವರ್ಷ ಕಮ್ಮಿ ಏನಲ್ಲ. ಈಸ್ಟ್ರೊಜನ್ ಇಳಿದ್ಮೇಲೆ ನೈಟ್ರಿಕ್ ಆಕ್ಸೈಡ್ ಕಮ್ಮಿ, ಆಂಜಿಯೋಟೆನ್ಸಿನ್ ಕೈ ಮೇಲು, ಉಪ್ಪು ತಿಂದ್ರೆ ಬಿಪಿ ಏರೋ ಗುಣ ಜಾಸ್ತಿ, ಹೊಟ್ಟೆ ಸುತ್ತ ಕೊಬ್ಬು. ವಯಸ್ಸಿನ ಹುಡುಗೀರಲ್ಲಿ ನರಗಳು ರಕ್ತನಾಳ ಬಿಗಿ ಮಾಡೋಕೆ ಹೊರಟ್ರೂ ಬೀಟಾ ರಿಸೆಪ್ಟರ್‌ಗಳು ಅದಕ್ಕೆ ತಡೆ ಹಾಕಿ ಸಡಿಲ ಮಾಡ್ತಾವೆ, ಮುಟ್ಟು ನಿಂತ್ಮೇಲೆ ಆ ತಡೆನೂ ಹೋಗುತ್ತೆ. ಇದರ ಜೊತೆ ಒಂದು ಗೊಂದಲ, ಈ ಕಾಲದಲ್ಲಿ ಇದ್ದಕ್ಕಿದ್ದ ಹಾಗೆ ಮೈ ಕಾವು ಏರಿ ಬೆವರು ಕಿತ್ಕೊಂಡು ಬರುತ್ತಲ್ಲ, ಅದನ್ನ ಹೆಂಗಸರು ಬಿಪಿ ಅಂತಾರೆ, ನಿಜವಾದ ಬಿಪಿ ಇದ್ದಾಗ ಏನೂ ಗೊತ್ತಾಗಲ್ಲ. ಹಾಗಾಗಿ ಕಾವು ಏರೋದು ನಿಂತ್ರೆ ಬಿಪಿ ಹೋಯ್ತು ಅಂತ ಮಾತ್ರೆ ಬಿಟ್ಟವರೂ ಇದಾರೆ.

ಅಂಡಾಶಯ ತೆಗೆಸಿದೋರ ಕಥೆ ಇನ್ನೂ ಕೆಟ್ಟದು, ಅವರಿಗೆ ಇದೆಲ್ಲ ನಿಧಾನಕ್ಕೆ ಬರಲ್ಲ, ಆಪರೇಷನ್ ಆದ ವಾರದಲ್ಲೇ ಹಾರ್ಮೋನ್ ಪಾತಾಳಕ್ಕೆ. ಅಂಡಾಶಯ ಉಳಿಸಿ ಬರೀ ಗರ್ಭಕೋಶ ತೆಗೆದ್ರೂ ಅಂಡಾಶಯ ಕೆಲಸ ನಿಲ್ಲಿಸೋದು ಬೇರೆಯವರಿಗಿಂತ ಮುಂಚೆ. ಕಲಬುರಗಿ ಜಿಲ್ಲೇಲಿ ಲಂಬಾಣಿ, ದಲಿತ ಹೆಂಗಸರ ಗರ್ಭಕೋಶ ಸುಮ್ ಸುಮ್ನೆ ತೆಗೆದಿದ್ದು 2015ರ ಸುಮಾರಿಗೆ ದೊಡ್ಡ ಸುದ್ದಿ ಆಗಿತ್ತು, ಹೋರಾಟ ಆಯ್ತು, ತನಿಖೆ ಆಯ್ತು. 2023ರಲ್ಲಿ ಸುಪ್ರೀಂ ಕೋರ್ಟ್ ಅನಗತ್ಯ ಗರ್ಭಕೋಶ ಆಪರೇಷನ್ ತಡೆಯೋ ಮಾರ್ಗಸೂಚಿ ಜಾರಿ ಮಾಡಿ ಅಂತ ಎಲ್ಲ ರಾಜ್ಯಕ್ಕೂ ಹೇಳ್ತು. ಆ ಸುದ್ದಿಗಳಲ್ಲೆಲ್ಲ ದುಡ್ಡು, ಮೋಸ, ಲೈಸೆನ್ಸ್ ಬಗ್ಗೆ ಬಂತು, ಅದು ಬರಲೇಬೇಕಿತ್ತು. ಮೂವತ್ತೈದಕ್ಕೇ ಆಪರೇಷನ್ ಆದ ಆ ಹೆಂಗಸರ ಬಿಪಿ ಈಗ ಎಷ್ಟಿದೆ, ಯಾರಾದ್ರೂ ನೋಡ್ತಿದಾರಾ ಅನ್ನೋದು ನಿಮ್ಮ ಪತ್ರಿಕೆ ಸೇರಿ ಎಲ್ಲೂ ಬಂದಿದ್ದು ನಾನು ಓದಿಲ್ಲ.

ಹಾಗಾದ್ರೆ ಹಾರ್ಮೋನ್ ಮಾತ್ರೆ ನುಂಗಿದ್ರೆ ಸರಿಹೋಗುತ್ತಲ್ಲ ಅನ್ನೋರಿಗೆ, ಅದನ್ನೂ ಮಾಡಿ ನೋಡಿದಾರೆ. ಅಮೆರಿಕದಲ್ಲಿ ಮುಟ್ಟು ನಿಂತ ಹದಿನಾರು ಸಾವಿರಕ್ಕೂ ಹೆಚ್ಚು ಹೆಂಗಸರನ್ನ ಎರಡು ಗುಂಪು ಮಾಡಿ ಒಂದು ಗುಂಪಿಗೆ ಈಸ್ಟ್ರೊಜನ್ ಮತ್ತೆ ಪ್ರೊಜೆಸ್ಟಿನ್ (ಪ್ರೊಜೆಸ್ಟೆರೋನ್ ತರದ ಔಷಧಿ) ಕೊಟ್ರು, ಆ ಈಸ್ಟ್ರೊಜನ್ ಬಸುರಿ ಕುದುರೆಗಳ ಉಚ್ಚೆಯಿಂದ ತೆಗೆದಿದ್ದು, ನಗಬೇಡಿ, ನಿಜ. 2002ರ ಜುಲೈನಲ್ಲಿ ಆ ಭಾಗಾನ ಮಧ್ಯದಲ್ಲೇ ನಿಲ್ಲಿಸ್ಬೇಕಾಯ್ತು, ಸ್ತನ ಕ್ಯಾನ್ಸರ್, ಹೃದಯಾಘಾತ, ಸ್ಟ್ರೋಕ್ ಜಾಸ್ತಿ ಆದವು ಅಂತ, ಬಿಪಿ ಇಳಿಯೋದಿರ್ಲಿ ಒಂಚೂರು ಏರಿತ್ತು. ಬಾಯಿಂದ ಕೊಟ್ರೆ ಲಿವರ್ ಮೂಲಕ ಹೋಗುತ್ತೆ ಅಂದ್ನಲ್ಲ, ಅದೇ ಲೆಕ್ಕ. ಚರ್ಮದ ಮೇಲೆ ಅಂಟಿಸೋ ಪ್ಯಾಚ್, ಹಚ್ಚೋ ಜೆಲ್ ಲಿವರ್‌ನ ಬಳಸಿ ಹೋಗೋದರಿಂದ ಬಿಪಿ ಮಟ್ಟಿಗೆ ಅವು ವಾಸಿ. ಬೇಕಾದವರು ಡಾಕ್ಟರ್ ಹತ್ರ ಕೂತು ಮಾತಾಡಿ ತಗೋಬೇಕು, ಬಿಪಿ ಇಳಿಸೋಕೆ ಅಂತ ಮಾತ್ರ ಯಾರೂ ತಗೋಬಾರದು.

ಗಂಡಸರನ್ನ ಬಿಟ್ಟೆ ಅನ್ಕೋಬೇಡಿ. ಇಲಿಗಳಲ್ಲಿ ಬೀಜ ತೆಗೆದ್ರೆ ಗಂಡಿನ ಬಿಪಿ ಇಳಿಯುತ್ತೆ, ಟೆಸ್ಟೋಸ್ಟೆರಾನ್ ಅನ್ನೋ ಗಂಡು ಹಾರ್ಮೋನ್ ವಾಪಸ್ ಕೊಟ್ರೆ ಏರುತ್ತೆ, ಅಷ್ಟು ಸಲೀಸು. ಮನುಷ್ಯರಲ್ಲಿ ಅಷ್ಟು ಸಲೀಸಿಲ್ಲ, ಟೆಸ್ಟೋಸ್ಟೆರಾನ್ ಕಮ್ಮಿ ಇರೋ ಗಂಡಸರಲ್ಲೇ ಬಿಪಿ ಜಾಸ್ತಿ ಕಾಣುತ್ತೆ, ಬೊಜ್ಜು ಬಂದ್ರೆ ಎರಡೂ ಒಟ್ಟಿಗೆ ಕೆಡೋದೂ ಅದಕ್ಕೆ ಒಂದು ಕಾರಣ. ಆದ್ರೆ ಹೊರಗಿಂದ ತಗೊಂಡ್ರೆ ಬಿಪಿ ಏರುತ್ತೆ, 2025ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಟೆಸ್ಟೋಸ್ಟೆರಾನ್ ಔಷಧಿಗಳೆಲ್ಲದರ ಲೇಬಲ್ ಮೇಲೂ ಬಿಪಿ ಎಚ್ಚರಿಕೆ ಹಾಕಿ ಅಂತು. ನಮ್ಮೂರಂಥ ಊರಲ್ಲೂ ಜಿಮ್ ಹುಡುಗರು ಬಂದು ಪಿಸುದನಿಯಲ್ಲಿ ಇಂಜೆಕ್ಷನ್ ಹೆಸರು ಹೇಳ್ತಾರೆ, ಇಪ್ಪತ್ತೆರಡರ ಹುಡುಗ, ಬಿಪಿ ಅಂದ್ರೆ ಅಪ್ಪನಿಗೆ ಬರೋ ಕಾಯಿಲೆ ಅನ್ಕೊಂಡಿರ್ತಾನೆ.

ಮಾತ್ರೆಗಳಿಗೆ ಬರ್ತೀನಿ, ಇದು ನನ್ನ ಕಸುಬು. ರಾಮಿಪ್ರಿಲ್, ಎನಲಾಪ್ರಿಲ್ ತಗೊಂಡ್ರೆ ಬರೋ ಒಣಕೆಮ್ಮು ಹೆಂಗಸರಿಗೆ ಗಂಡಸರಿಗಿಂತ ಜಾಸ್ತಿ. ಕೆಮ್ಮು ಮಾತ್ರೆಯಿಂದ ಅಂತ ಗೊತ್ತಿಲ್ದೆ ತಿಂಗಳುಗಟ್ಟಲೆ ಸಿರಪ್ ಕುಡೀತಾರೆ, ಕಷಾಯ ಕುಡೀತಾರೆ, ಎಕ್ಸ್‌ರೇ ತೆಗೆಸ್ತಾರೆ. ಆಮ್ಲೋಡಿಪಿನ್‌ನಿಂದ ಪಾದ ಊದೋದೂ ಹೆಂಗಸರಲ್ಲೇ ಜಾಸ್ತಿ, ಆ ಊತಕ್ಕೆ ಅಂತ ನೀರಿನ ಮಾತ್ರೆ (ಉಚ್ಚೆ ಜಾಸ್ತಿ ಮಾಡೋದು) ಸೇರಿಸ್ತಾರೆ, ಅದರಿಂದ ಪೊಟ್ಯಾಷಿಯಂ ಇಳಿಯುತ್ತೆ, ಅದಕ್ಕೆ ಮತ್ತೊಂದು ಸಿರಪ್, ಹೀಗೆ ಒಂದು ಮಾತ್ರೆ ಇದ್ದಿದ್ದು ಒಂದು ಡಬ್ಬಿ ಆಗುತ್ತೆ. ವಯಸ್ಸಾದ ಹೆಂಗಸರಿಗೆ ಕ್ಲೋರ್‌ಥಾಲಿಡೋನ್ ತರದ ನೀರಿನ ಮಾತ್ರೆ ಕೊಟ್ರೆ ಸೋಡಿಯಂ ಇಳಿದು ಮಂಕು ಹಿಡಿದ ಹಾಗೆ ಆಗ್ತಾರೆ, ಮನೆಯವರು ಮರೆವು ಶುರುವಾಯ್ತು ಅಂತಾರೆ. ಅದೇ ಜಾತಿ ಮಾತ್ರೆ ಕ್ಯಾಲ್ಸಿಯಂ ಉಳಿಸೋದರಿಂದ ಮೂಳೆ ಸವೆದೋರಿಗೆ ಅನುಕೂಲನೂ ಹೌದು, ಹಾಗಾಗಿ ಒಳ್ಳೇದು ಕೆಟ್ಟದು ಅಂತ ಒಂದೇ ಮಾತಲ್ಲಿ ಹೇಳೋಕಾಗಲ್ಲ. ಗಂಡಸರಿಗೆ ಸ್ಪೈರೊನೊಲ್ಯಾಕ್ಟೋನ್ ಅನ್ನೋ ಬಿಪಿ ಮಾತ್ರೆ ಕೊಟ್ರೆ ಎದೆ ಬೆಳೆದು ನೋಯುತ್ತೆ, ನಾಚಿಕೆಯಿಂದ ಯಾರಿಗೂ ಹೇಳ್ದೆ ಮಾತ್ರೆ ಬಿಡ್ತಾರೆ, ಅದಕ್ಕೆ ಬದಲು ಎಪ್ಲೆರೆನೋನ್ ಇದೆ ಅಂತ ಹೇಳೋರಿರಲ್ಲ. ಎಲ್ಲಕ್ಕಿಂತ ನಂಗೆ ಭಯ ಆಗೋದು ಮೂವತ್ತು ಮೂವತ್ತೆರಡರ ಹೆಂಗಸು ಟೆಲ್ಮಿಸಾರ್ಟನ್ ಚೀಟಿ ತಂದಾಗ. ಆ ಜಾತಿ ಮಾತ್ರೆ, ಪ್ರಿಲ್ ಅಂತ ಮುಗಿಯೋ ಮಾತ್ರೆ ಎರಡೂ ಬಸಿರಲ್ಲಿ ಮಗುವಿನ ಕಿಡ್ನಿ ಕೆಡಿಸ್ತಾವೆ. ಮಗು ಬೇಕು ಅನ್ನೋರಿಗೆ ಲ್ಯಾಬೆಟಲಾಲ್, ನಿಫೆಡಿಪಿನ್, ಮೀಥೈಲ್‌ಡೋಪಾ ಇವೆ, ಕೇಳಬೇಕಷ್ಟೇ. ಮಗು ಪ್ಲಾನ್ ಇದ್ಯಾ ಅಂತ ನಾನು ಕೇಳಿದ್ರೆ ಕೆಲವರು ಇವಳಿಗ್ಯಾಕೆ ಅಂತ ನೋಡ್ತಾರೆ. ನೋಡ್ಲಿ.

ಇಷ್ಟು ವ್ಯತ್ಯಾಸ ಇದ್ರೂ ಡೋಸ್ ಯಾಕೆ ಇಬ್ಬರಿಗೂ ಒಂದೇ? ಪ್ರಯೋಗ ಮಾಡಿದ್ದೇ ಹೆಚ್ಚಾಗಿ ಗಂಡಸರ ಮೇಲೆ. ಅಮೆರಿಕದಲ್ಲಿ ಎಪ್ಪತ್ತರ ದಶಕದಲ್ಲಿ ಶುರುವಾದ ಎಂಆರ್‌ಎಫ್‌ಐಟಿ ಅನ್ನೋ ದೊಡ್ಡ ಹೃದಯ ಪ್ರಯೋಗದಲ್ಲಿ 12,866 ಜನ, ಒಬ್ಬಳೂ ಹೆಂಗಸಿಲ್ಲ. 2015ರ ಸ್ಪ್ರಿಂಟ್ ಪ್ರಯೋಗದಲ್ಲಿ, ಬಿಪಿ ಎಷ್ಟಕ್ಕಿಳಿಸ್ಬೇಕು ಅಂತ ಈಗ ಎಲ್ಲರೂ ಹೇಳೋದೇ ಅದನ್ನ, ಹೆಂಗಸರು 36 ಪರ್ಸೆಂಟ್ ಅಷ್ಟೇ.

ಇನ್ನು ನನ್ನ ಬೇಡಿಕೆ. ಸರ್ಕಾರ 2024ರಲ್ಲಿ ಕೋಲಾರದಿಂದ ಶುರು ಮಾಡಿದ ಗೃಹ ಆರೋಗ್ಯ ಯೋಜನೇಲಿ ಮನೆ ಬಾಗಿಲಿಗೇ ಬಂದು ಮೂವತ್ತು ದಾಟಿದೋರ ಬಿಪಿ ಶುಗರ್ ನೋಡ್ತಾರೆ, ಒಳ್ಳೆ ಕೆಲಸ, ನಮ್ಮ ಆಶಾ ಅಕ್ಕಂದಿರು ಬಿಸಿಲು ಮಳೆ ನೋಡ್ದೆ ತಿರುಗ್ತಾರೆ. ಅವರು ತುಂಬೋ ಸಿಬಿಎಸಿ ಫಾರ್ಮಲ್ಲಿ (ಕಾಯಿಲೆ ಅಪಾಯ ಅಳೆಯೋ ಪ್ರಶ್ನೆಪಟ್ಟಿ) ವಯಸ್ಸು, ತಂಬಾಕು, ಕುಡಿತ, ಸೊಂಟದ ಅಳತೆ, ವ್ಯಾಯಾಮ, ಮನೆಯವರಿಗೆ ಬಿಪಿ ಶುಗರ್ ಹಾರ್ಟ್ ಕಾಯಿಲೆ ಇದ್ಯಾ ಅನ್ನೋದಕ್ಕೆ ಅಂಕ ಇದೆ, ನಾಲ್ಕು ದಾಟಿದ್ರೆ ಮೊದಲು ಪರೀಕ್ಷೆಗೆ ಕಳಿಸ್ತಾರೆ. ಸೊಂಟದ ಅಳತೇಲಿ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ಅಂತ ಬೇರೆ ಬೇರೆ ಇದೆ, ಅಂದ್ರೆ ಇಬ್ಬರ ಮೈ ಒಂದೇ ಅಲ್ಲ ಅಂತ ಆ ಫಾರ್ಮ್ ಮಾಡಿದೋರಿಗೆ ಗೊತ್ತು. ಬಸಿರಲ್ಲಿ ಬಿಪಿ ಬಂದಿತ್ತಾ ಅನ್ನೋದಕ್ಕೆ ಮಾತ್ರ ಅಂಕ ಇಲ್ಲ. ಹೆಂಗಸರಿಗೆ ಅಂತ ಬೇರೆ ಪ್ರಶ್ನೆಗಳಿವೆ, ಅವು ಕ್ಯಾನ್ಸರ್ ಲಕ್ಷಣದ ಬಗ್ಗೆ, ಇರಲೇಬೇಕು. ಅದರ ಕೆಳಗೆ ಬಸಿರಲ್ಲಿ ಬಿಪಿ ಅಥವಾ ಫಿಟ್ಸ್ ಬಂದಿತ್ತಾ, ಮುಟ್ಟು ಯಾವ ವಯಸ್ಸಿಗೆ ನಿಂತಿದ್ದು ಅಥವಾ ಗರ್ಭಕೋಶ ಅಂಡಾಶಯ ತೆಗೆದಿದಾರಾ, ಈಗ ಯಾವ್ದಾದ್ರೂ ಹಾರ್ಮೋನ್ ಮಾತ್ರೆ ನಡೀತಿದ್ಯಾ, ಇವು ಮೂರು ಸೇರಿಸೋಕೆ ಹೊಸ ಮಷೀನ್ ಬೇಡ, ಹೊಸ ಬಜೆಟ್ ಬೇಡ. ಆರೋಗ್ಯ ಇಲಾಖೆಯವರು ನಿಮ್ಮ ಪತ್ರಿಕೆ ಓದ್ತಾರೆ ಅನ್ನೋ ನಂಬಿಕೆಯಿಂದ ನಿಮಗೆ ಬರೀತಿದೀನಿ.

ಇದನ್ನ ಓದ್ತಿರೋ ಅಮ್ಮಂದಿರು, ಅಕ್ಕಂದಿರು ಇದ್ರೆ, ಬಸಿರಲ್ಲಿ ಬಿಪಿ ಬಂದಿದ್ರೆ ಹೆರಿಗೆ ಆಗಿ ಆರರಿಂದ ಹನ್ನೆರಡು ವಾರದೊಳಗೆ ಒಂದ್ಸಲ, ಆಮೇಲೆ ವರ್ಷಕ್ಕೊಂದ್ಸಲ ಬಿಪಿ ನೋಡಿಸಿ, ಮುಂದಿನ ಸಲ ಬಸುರಿ ಅಂತ ಗೊತ್ತಾದ ಕೂಡ್ಲೇ ಹೋಗಿ ಹಿಂದಿನ ಸಲದ್ದು ಹೇಳಿ, ಹದಿನಾರು ವಾರದೊಳಗೆ ಹೋದ್ರೆ ನಂಜು ತಡೆಯೋಕೆ ಡಾಕ್ಟರ್ ಕಮ್ಮಿ ಡೋಸ್ ಆಸ್ಪಿರಿನ್ ಶುರು ಮಾಡೋಕಾಗುತ್ತೆ, ತಡ ಆದ್ರೆ ಅದರಿಂದ ಅಷ್ಟು ಉಪಯೋಗ ಇಲ್ಲ. ತಾಯಿ ಕಾರ್ಡ್ ಕಳೆದಿದ್ರೆ ಆಸ್ಪತ್ರೆ ಡಿಸ್ಚಾರ್ಜ್ ಚೀಟಿ ಆದ್ರೂ ನಡೆಯುತ್ತೆ, ಅದೂ ಇಲ್ಲ ಅಂದ್ರೆ ಬಾಯಲ್ಲೇ ಹೇಳಿ, ಅವರು ಕೇಳ್ದೇ ಇದ್ರೂ ಹೇಳಿ.

ಇಂತಿ,
ನಿಮ್ಮ ಓದುಗಳು,
ಮೆಡಿಕಲ್ ಶಾಪಿನವಳು, ಶಿವಮೊಗ್ಗ ಜಿಲ್ಲೆ